ಅಂಗಡಿಯ ಎಸ್‌ಇಒ ಬೇರೆ, ಬ್ಲಾಗಿನ ಎಸ್‌ಇಒ ಬೇರೆ

ಶಿರಸಿ ಕಡೆ ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುವ ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಅದೇ ಊರಲ್ಲಿ ಕೂತು ಮಲೆನಾಡಿನ ಅಡುಗೆಯ ಬಗ್ಗೆ ಕನ್ನಡದಲ್ಲಿ ಬ್ಲಾಗ್ ಬರೆಯುವ ಇನ್ನೊಬ್ಬರನ್ನೂ ಊಹಿಸಿಕೊಳ್ಳಿ. ಇಬ್ಬರೂ ಎಸ್‌ಇಒ, ಅಂದರೆ ಹುಡುಕಾಟದಲ್ಲಿ ತಮ್ಮ ಪುಟ ಮೇಲೆ ಕಾಣುವಂತೆ ಮಾಡುವ ವಿದ್ಯೆಯನ್ನು, ಕಲಿಯಲು ಹೊರಟರೆ ಸಿಗುವುದು ಒಂದೇ ಪಾಠ: ಕೀವರ್ಡ್ (ಜನ ಹುಡುಕುವ ಪದ) ಹುಡುಕಿ, ಶೀರ್ಷಿಕೆಯಲ್ಲಿ ಸೇರಿಸಿ, ಬ್ಯಾಕ್‌ಲಿಂಕ್ (ಬೇರೆ ತಾಣಗಳಿಂದ ನಿಮ್ಮ ಪುಟಕ್ಕೆ ಕೊಂಡಿ) ಗಳಿಸಿ, ಟ್ರಾಫಿಕ್ (ಪುಟಕ್ಕೆ ಬರುವ ಜನ) ಏರಿಸಿ. ಯೂಟ್ಯೂಬಿನ ಪುಕ್ಕಟೆ ಪಾಠದಲ್ಲೂ ಇದೇ, ಸಾವಿರಾರು ರೂಪಾಯಿ ಶುಲ್ಕದ ಕೋರ್ಸಿನಲ್ಲೂ ಇದೇ. ನಾಲ್ಕೈದು ವರ್ಷದ ಹಿಂದೆ ಈ ಪಾಠ ಇಬ್ಬರಿಗೂ ಹೆಚ್ಚುಕಡಿಮೆ ಹೊಂದುತ್ತಿತ್ತು. ಈಗ ಹೊಂದುವುದಿಲ್ಲ.

ಕಾರಣ, ಗೂಗಲ್ ಈಗ ಉತ್ತರವನ್ನು ತಾನೇ ಬರೆದುಕೊಡುತ್ತಿದೆ. ಫಲಿತಾಂಶಗಳ ನೆತ್ತಿಯ ಮೇಲೆ ಕಾಣುವ ಎಐ ಸಾರಾಂಶ 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಶುರುವಾಗಿ ಆಗಸ್ಟ್‌ನಲ್ಲಿ ಭಾರತಕ್ಕೆ ಬಂತು. ಪೂರ್ತಿ ಸಂಭಾಷಣೆಯ ರೂಪದ ಎಐ ಮೋಡ್ 2025ರಲ್ಲಿ ಕನ್ನಡವನ್ನೂ ಮುಟ್ಟಿತು. ಇದರ ಪರಿಣಾಮವನ್ನು ಅಮೆರಿಕದ ಪ್ಯೂ ರಿಸರ್ಚ್ ಸೆಂಟರ್ ಅಳೆದು ನೋಡಿದೆ. ಸುಮಾರು 900 ವಯಸ್ಕರು 2025ರ ಮಾರ್ಚ್‌ನಲ್ಲಿ ಮಾಡಿದ ಹುಡುಕಾಟಗಳನ್ನು ಪರಿಶೀಲಿಸಿದಾಗ, ಎಐ ಸಾರಾಂಶ ಇಲ್ಲದ ಕಡೆ ಶೇ 15ರಷ್ಟು ಸಲ ಜನ ಕೆಳಗಿನ ಯಾವುದಾದರೂ ಕೊಂಡಿ ಒತ್ತಿದ್ದರು. ಸಾರಾಂಶ ಇದ್ದ ಕಡೆ ಅದು ಶೇ 8ಕ್ಕೆ ಇಳಿದಿತ್ತು. ಸಾರಾಂಶದ ಒಳಗೇ ಕೊಟ್ಟಿದ್ದ ಮೂಲದ ಕೊಂಡಿಯನ್ನು ಒತ್ತಿದ್ದು ಕೇವಲ ಶೇ 1ರಷ್ಟು ಸಲ.

ಈಗ ನಮ್ಮ ಇಬ್ಬರತ್ತ ನೋಡಿ. ‘ಅಪ್ಪೆಮಿಡಿ ಉಪ್ಪಿನಕಾಯಿ ಎಷ್ಟು ವರ್ಷ ಬಾಳಿಕೆ ಬರುತ್ತೆ’ ಅಂತ ಕೇಳಿದವರಿಗೆ ಗೂಗಲ್ಲೇ ಉತ್ತರ ಹೇಳಿಬಿಟ್ಟರೆ ಬ್ಲಾಗ್ ಬರೆದವರ ಆದಾಯ ಅಲ್ಲಿಗೇ ಹೋಯಿತು. ಜನ ಪುಟಕ್ಕೆ ಬಂದರೆ ತಾನೇ ಜಾಹೀರಾತು ಕಾಣುವುದು? ಉಪ್ಪಿನಕಾಯಿ ಮಾರುವವರಿಗೆ ಹಾಗಲ್ಲ. ಉತ್ತರ ಓದಿದವರ ನಾಲಿಗೆಗೆ ಉಪ್ಪಿನಕಾಯಿ ಇನ್ನೂ ಬಂದಿಲ್ಲ. ಅವರು ಯಾರ ಬಳಿಯಾದರೂ ಕೊಳ್ಳಲೇಬೇಕು. ಅಂಗಡಿಗೆ ಬೇಕಿರುವುದು ಫೋನು, ಆರ್ಡರು, ಬಾಗಿಲಿಗೆ ಬರುವ ಗಿರಾಕಿ. ಕ್ಲಿಕ್ಕು ಅದಕ್ಕೆ ಒಂದು ದಾರಿ ಮಾತ್ರ. ಬ್ಲಾಗಿಗೆ ಕ್ಲಿಕ್ಕೇ ಸರಕು. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಎಸ್‌ಇಒದಲ್ಲಿ ಏನು ಕಲಿಯಬೇಕು, ಯಾವುದಕ್ಕೆ ದುಡ್ಡು ಸುರಿಯಬಾರದು ಎನ್ನುವುದರ ಅರ್ಧ ಇತ್ಯರ್ಥವಾದಂತೆ.

ಮೂಲ ಯಂತ್ರ ಇಬ್ಬರಿಗೂ ಒಂದೇ. ಗೂಗಲ್‌ನ ಕ್ರಾಲರ್ ಎಂಬ ತಂತ್ರಾಂಶ ಕೊಂಡಿಯಿಂದ ಕೊಂಡಿಗೆ ಹೋಗುತ್ತಾ ಪುಟಗಳನ್ನು ಓದುತ್ತದೆ, ಓದಿದ್ದರಲ್ಲಿ ಉಪಯುಕ್ತ ಅನಿಸಿದ್ದನ್ನು ತನ್ನ ಸೂಚಿಗೆ ಸೇರಿಸುತ್ತದೆ, ಯಾರಾದರೂ ಹುಡುಕಿದಾಗ ಸೂಚಿಯಿಂದ ತೆಗೆದು ಸಾಲಾಗಿ ಜೋಡಿಸುತ್ತದೆ. ಕಲಿಯುವವರೆಲ್ಲ ಮೂರನೇ ಹಂತದ ಬಗ್ಗೆ, ಅಂದರೆ ರ‍್ಯಾಂಕಿಂಗ್ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಕನ್ನಡದ ಎಷ್ಟೋ ತಾಣಗಳು ಎಡವುವುದು ಎರಡನೆಯದರಲ್ಲಿ. ಪಹಣಿಯಲ್ಲಿ ಹೆಸರೇ ಇಲ್ಲದ ಜಮೀನಿಗೆ ಸಾಲ ಕೇಳಿದ ಹಾಗೆ, ಸೂಚಿಯಲ್ಲೇ ಇಲ್ಲದ ಪುಟಕ್ಕೆ ರ‍್ಯಾಂಕು ಎಲ್ಲಿಂದ ಬರಬೇಕು?

ಸೂಚಿಗೆ ಸೇರದಿರಲು ನಮ್ಮಲ್ಲಿ ಎರಡು ವಿಶೇಷ ಕಾರಣಗಳಿವೆ. ಒಂದು, ಹಳೆಯ ಫಾಂಟು. ಡಿಟಿಪಿಯವರು ನುಡಿ ಅಥವಾ ಬರಹ ತಂತ್ರಾಂಶದ, ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿಕೊಟ್ಟದ್ದನ್ನು ಹಾಗೇ ತಾಣಕ್ಕೆ ಅಂಟಿಸಿದರೆ ಅದು ಕನ್ನಡವಾಗಿ ಕಾಣಬಹುದು, ಆದರೆ ಯಂತ್ರದ ಕಣ್ಣಿಗೆ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಇನ್ನೊಂದು, ಪೋಸ್ಟರ್ ಚಾಳಿ. ದರಪಟ್ಟಿ, ವಿಳಾಸ, ಉತ್ಪನ್ನದ ವಿವರ ಎಲ್ಲವನ್ನೂ ಬಣ್ಣಬಣ್ಣದ ಚಿತ್ರದೊಳಗೆ ಬರೆಸಿ ಹಾಕಿಬಿಡುವುದು. ವಾಟ್ಸಾಪ್ ಸ್ಟೇಟಸ್ಸಿಗೆ ಚೆಂದ. ಹುಡುಕುವ ಯಂತ್ರಕ್ಕೆ ಅಲ್ಲಿ ನೆಚ್ಚಿಕೊಳ್ಳಬಹುದಾದ ಪಠ್ಯವೇ ಇಲ್ಲ. ಸಾವಿರ ರೂಪಾಯಿಯ ‘ಎಸ್‌ಇಒ ಆಡಿಟ್’ ಮಾಡಿಸುವ ಮುನ್ನ ತಾಣದ ಒಂದು ವಾಕ್ಯವನ್ನು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ ನೋಡಿ. ಅಲ್ಲಿಯೂ ಕನ್ನಡವಾಗೇ ಕಂಡರೆ ಮುಂದಿನ ಮಾತು.

ಯಂತ್ರ ಎಷ್ಟು ಬುದ್ಧಿವಂತ ಎಂಬುದಕ್ಕೆ ಕನ್ನಡಿಗರಿಗೆ ಬೇರೆ ಉದಾಹರಣೆ ಬೇಡ. 2021ರ ಜೂನ್‌ನಲ್ಲಿ, ಭಾರತದ ಅತಿ ಕುರೂಪದ ಭಾಷೆ ಯಾವುದು ಎಂದು ಇಂಗ್ಲಿಷಿನಲ್ಲಿ ಹುಡುಕಿದರೆ ಗೂಗಲ್ ಕನ್ನಡದ ಹೆಸರು ತೋರಿಸುತ್ತಿತ್ತು. ಊರೆಲ್ಲ ಸಿಟ್ಟಾಯಿತು, ಆಗ ಕನ್ನಡ ಮತ್ತು ಸಂಸ್ಕೃತಿ ಸಚಿವರಾಗಿದ್ದ ಅರವಿಂದ ಲಿಂಬಾವಳಿ ಕಾನೂನು ಕ್ರಮದ ಮಾತಾಡಿದರು, ಗೂಗಲ್ ಕ್ಷಮೆ ಕೇಳಿ ಉತ್ತರವನ್ನು ತೆಗೆಯಿತು. ಸಿಟ್ಟಿನ ಭರದಲ್ಲಿ ಇದರ ತಾಂತ್ರಿಕ ಪಾಠ ಯಾರ ಗಮನಕ್ಕೂ ಬೀಳಲಿಲ್ಲ. ಅಂಥ ಅವಿವೇಕದ ಪ್ರಶ್ನೆಗೆ ಬುದ್ಧಿ ನೆಟ್ಟಗಿರುವವರು ಉತ್ತರ ಬರೆಯುವುದಿಲ್ಲ. ಯಾರೂ ಬರೆಯದ ಜಾಗದಲ್ಲಿ ಯಾವುದೋ ಅನಾಮಧೇಯ ತಾಣ ಆ ಪ್ರಶ್ನೆಯ ಪದಗಳಿಗೆ ಸರಿಹೊಂದುವಂತೆ ಏನೋ ಬರೆದುಕೊಂಡಿತ್ತು. ಯಂತ್ರ ಅದನ್ನೇ ಎತ್ತಿ ಮೇಲಿಟ್ಟಿತು. 2024ರಲ್ಲಿ ಪಿಜ್ಜಾದ ಮೇಲಿನ ಚೀಸ್ ಜಾರದಿರಲು ಅಂಟು ಹಾಕಿ ಎಂದು ಗೂಗಲ್‌ನ ಎಐ ಸಾರಾಂಶ ಸಲಹೆ ಕೊಟ್ಟು ನಗೆಪಾಟಲಾದದ್ದೂ ಇದೇ ಕಾಯಿಲೆಯಿಂದ. ರೆಡಿಟ್ ಎಂಬ ಚರ್ಚಾತಾಣದಲ್ಲಿ ಯಾರೋ ವರ್ಷಗಳ ಹಿಂದೆ ಮಾಡಿದ್ದ ತಮಾಷೆಯೇ ಅದರ ಮೂಲವಾಗಿತ್ತು.

ಖಾಲಿ ಜಾಗದಲ್ಲಿ ಕಸ ಗೆಲ್ಲುತ್ತದೆ ಅಂದರೆ, ಒಳ್ಳೆಯದೂ ಸುಲಭವಾಗಿ ಗೆಲ್ಲಬಹುದು ಎಂದಾಯಿತು. 2011ರ ಜನಗಣತಿಯ ಪ್ರಕಾರ ಕನ್ನಡವನ್ನು ಮಾತೃಭಾಷೆ ಎಂದವರು 4.37 ಕೋಟಿ. ಅಷ್ಟು ಜನ ಕೇಳುವ ಪ್ರಶ್ನೆಗಳಿಗೆ ಕನ್ನಡದಲ್ಲಿ ಇರುವ ಪುಟಗಳ ಕೊರತೆ, ಅಡಿಕೆ ಕೊಳೆರೋಗದಿಂದ ಹಿಡಿದು ಜಾತಿ ಪ್ರಮಾಣಪತ್ರದವರೆಗೆ ಏನನ್ನು ಹುಡುಕಿದರೂ ಎದ್ದು ಕಾಣುತ್ತದೆ. ಇಂಗ್ಲಿಷಿನಲ್ಲಿ ಬರೆಯುವವರು ನೂರು ಜನರ ಹಿಂದೆ ಸಾಲಿನಲ್ಲಿ ನಿಲ್ಲಬೇಕು. ಕನ್ನಡದಲ್ಲಿ ಬಹಳ ವಿಷಯಗಳಿಗೆ ಸಾಲೇ ಇಲ್ಲ.

ಹಾಗಂತ ಸಂಭ್ರಮಿಸುವ ಹೊತ್ತೂ ಇದಲ್ಲ. ಇಂಗ್ಲಿಷ್ ಪುಟಗಳನ್ನು ಗೂಗಲ್ ತಾನೇ ಅನುವಾದಿಸಿ ಕನ್ನಡದ ಹುಡುಕಾಟದಲ್ಲಿ ತೋರಿಸುವ ಸೌಲಭ್ಯ ಬಂದಿದೆ. ಎಐ ಮೋಡ್ ಕೂಡ ಎಲ್ಲೆಲ್ಲಿಂದಲೋ ಹೆಕ್ಕಿ ಕನ್ನಡದಲ್ಲೇ ಹೇಳುತ್ತದೆ. ಸಾಮಾನ್ಯ ಜ್ಞಾನದ ಖಾಲಿ ಜಾಗಗಳು ಹೀಗೆ ತುಂಬಿಹೋಗುತ್ತವೆ. ಯಾವ ಇಂಗ್ಲಿಷ್ ಪುಟದಲ್ಲೂ ಇಲ್ಲದ, ಅನುವಾದ ಮಾಡಲು ಮೂಲವೇ ಇಲ್ಲದ ಜಾಗ ಮಾತ್ರ ಉಳಿಯುತ್ತದೆ.

ಉಪ್ಪಿನಕಾಯಿ ಮನೆಗೆ ಆ ಜಾಗ ಧಾರಾಳವಾಗಿದೆ. ಮಿಡಿಯನ್ನು ತೊಟ್ಟು ಮುರಿಯದ ಹಾಗೆ ಯಾಕೆ ಕೊಯ್ಯಬೇಕು, ಸೊನೆಗೂ ಬಾಳಿಕೆಗೂ ಏನು ಸಂಬಂಧ, ಎಣ್ಣೆಯೇ ಹಾಕದ ಉಪ್ಪಿನಕಾಯಿ ಯಾಕೆ ಕೆಡುವುದಿಲ್ಲ, ಅನಂತಭಟ್ಟನ ಅಪ್ಪೆ ಎಂಬ ತಳಿಗೂ ಬೇರೆ ಮಿಡಿಗೂ ಪರಿಮಳದಲ್ಲಿ ಏನು ವ್ಯತ್ಯಾಸ: ಇದು ಅವರಿಗೆ ಮಾತಾಡುವಾಗ ಬರುವ ವಿಷಯ, ಬರೆಯಲು ಕೂತರೆ ಮಾತ್ರ ಹೊಳೆಯದ ವಿಷಯ. ಕೀವರ್ಡ್ ಟೂಲಿಗೆ ದುಡ್ಡು ಕಟ್ಟುವ ಮೊದಲು ವಾಟ್ಸಾಪಿನಲ್ಲಿ ಗಿರಾಕಿಗಳು ಕೇಳಿದ್ದನ್ನು ಮೇಲಕ್ಕೆ ಜಾರಿಸುತ್ತಾ ಓದಿದರೆ ಸಾಕು. ‘ಈ ವರ್ಷದ್ದಾ, ಹೋದ ವರ್ಷದ್ದಾ?’, ‘ಉಪ್ಪು ಕಡಿಮೆ ಇರೋದು ಇದೆಯಾ?’, ‘ಫ್ರಿಜ್ಜಿನಲ್ಲಿ ಇಡಬೇಕಾ?’, ‘ಮಗಳು ದುಬೈಗೆ ಹೋಗ್ತಾಳೆ, ಸೋರದ ಹಾಗೆ ಪ್ಯಾಕ್ ಮಾಡಿಕೊಡ್ತೀರಾ ಅಕ್ಕಾ?’ ಒಂದೊಂದೂ ಒಂದು ಪುಟವಾಗಬಹುದಾದ ಪ್ರಶ್ನೆ, ಅಥವಾ ಉತ್ಪನ್ನದ ಪುಟದಲ್ಲಿ ಒಂದು ಪ್ಯಾರಾ. ದಿನಾ ಗೂಗಲ್‌ಗೆ ಬರುವ ಹುಡುಕಾಟಗಳಲ್ಲಿ ಶೇ 15ರಷ್ಟು ಹಿಂದೆಂದೂ ಯಾರೂ ಹುಡುಕದಿದ್ದವು ಎಂದು ಆ ಕಂಪನಿಯೇ ಹೇಳುತ್ತಾ ಬಂದಿದೆ. ಅವು ಯಾವ ಟೂಲಿನ ಪಟ್ಟಿಯಲ್ಲೂ ಇರುವುದಿಲ್ಲ, ಗಿರಾಕಿಯ ಬಾಯಲ್ಲಿರುತ್ತವೆ.

ಪದಗಳ ವಿಷಯಕ್ಕೆ ಬಂದರೆ ಕನ್ನಡಿಗರು ಹುಡುಕುವ ರೀತಿಯೇ ಒಂದು ಪ್ರಪಂಚ. ಕನ್ನಡ ಲಿಪಿಯಲ್ಲಿ ಟೈಪ್ ಮಾಡುವವರಿದ್ದಾರೆ, ಫೋನಿಗೆ ಬಾಯಲ್ಲೇ ಹೇಳುವವರಿದ್ದಾರೆ, ಕಂಗ್ಲಿಷಿನಲ್ಲಿ ಬರೆಯುವವರಂತೂ ಎಲ್ಲೆಲ್ಲೂ ಇದ್ದಾರೆ. ಉಪ್ಪಿನಕಾಯಿಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಒಬ್ಬರು ಒಂದು ಪಿ ಹಾಕುತ್ತಾರೆ, ಇನ್ನೊಬ್ಬರು ಎರಡು. ಕೊನೆಗೆ ವೈ ಸೇರಿಸುವವರು ಕೆಲವರು, ಬಿಡುವವರು ಕೆಲವರು. ಒಬ್ಬರಿಗೆ ಅದು ಅಪ್ಪೆಮಿಡಿ, ಮತ್ತೊಬ್ಬರಿಗೆ ಮಾವಿನಮಿಡಿ, ಚೆನ್ನೈನವರಿಗೆ ಮಾವಡು, ಹೆಸರೇ ಗೊತ್ತಿಲ್ಲದವರಿಗೆ ಟೆಂಡರ್ ಮ್ಯಾಂಗೋ ಪಿಕಲ್. ಇವನ್ನೆಲ್ಲ ಒಂದೇ ಪುಟದ ಬುಡದಲ್ಲಿ ಅಲ್ಪವಿರಾಮ ಹಾಕಿ ತುರುಕುವುದು ಹಳೆಯ ಚಟ. ಅದು ಸ್ಪ್ಯಾಮ್ ಎಂದು ಗೂಗಲ್‌ನ ನೀತಿಯಲ್ಲೇ ಇದೆ. ಕಾಗುಣಿತದ ಸಣ್ಣಪುಟ್ಟ ವ್ಯತ್ಯಾಸಗಳನ್ನು ಯಂತ್ರ ತಕ್ಕಮಟ್ಟಿಗೆ ತಾನೇ ಹೊಂದಿಸಿಕೊಳ್ಳುತ್ತದೆ. ಬೇರೆ ಬೇರೆ ಹೆಸರುಗಳನ್ನು ಮಾತ್ರ ವಾಕ್ಯದೊಳಗೆ ಸಹಜವಾಗಿ ಒಮ್ಮೊಮ್ಮೆ ತರಬೇಕು: ‘ತಮಿಳರು ಮಾವಡು ಎನ್ನುವುದಕ್ಕೆ ಹತ್ತಿರದ್ದು ಇದು, ಆದರೆ...’ ಎಂದು ಬರೆದರೆ ಓದುವವರಿಗೂ ಉಪಕಾರ.

ತಾಣ ಯಾವ ಭಾಷೆಯಲ್ಲಿರಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ: ಮಾರುವವರಾದರೆ ಕನ್ನಡ, ಇಂಗ್ಲಿಷ್ ಎರಡರಲ್ಲೂ, ಆದರೆ ಬೇರೆ ಬೇರೆ ಪುಟದಲ್ಲಿ. ಪುಟದ ಭಾಷೆಯನ್ನು ಗೂಗಲ್ ಕೋಡಿನಲ್ಲಿ ಬರೆದ ಗುರುತಿನಿಂದಲ್ಲ, ಕಣ್ಣಿಗೆ ಕಾಣುವ ಪಠ್ಯದಿಂದಲೇ ನಿರ್ಧರಿಸುತ್ತದೆ. ಒಂದು ಸಾಲು ಕನ್ನಡ, ಒಂದು ಸಾಲು ಇಂಗ್ಲಿಷ್ ಬೆರೆಸಿದರೆ ಅದಕ್ಕೂ ಗೊಂದಲ, ಓದುವವರಿಗೂ ಕಿರಿಕಿರಿ. ಪುಟದ ವಿಳಾಸವನ್ನು ಮಾತ್ರ ಚಿಕ್ಕದಾಗಿ ಇಂಗ್ಲಿಷ್ ಅಕ್ಷರದಲ್ಲಿಡುವುದು ಒಳ್ಳೆಯದು. ಕನ್ನಡ ವಿಳಾಸದಿಂದ ಗೂಗಲ್‌ಗೆ ತೊಂದರೆಯಿಲ್ಲ. ಆದರೆ ಕಾಪಿ ಮಾಡಿ ಕಳಿಸಿದಾಗ ಬಹಳ ಸಲ ಒಂದೊಂದು ಕನ್ನಡ ಚಿಹ್ನೆಯೂ ಶೇಕಡಾ ಗುರುತು ಸಹಿತ ಒಂಬತ್ತು ಅಕ್ಷರಗಳಾಗಿ ಹಿಗ್ಗಿ, ವಾಟ್ಸಾಪಿನಲ್ಲಿ ವೈರಸ್ಸಿನಂತೆ ಕಾಣುತ್ತದೆ. ಯಾರೂ ಒತ್ತುವುದಿಲ್ಲ.

ಬಾಗಿಲಿಗೆ ಗಿರಾಕಿ ಬರುವ ವ್ಯಾಪಾರಕ್ಕೆ, ಅಂದರೆ ಹೋಮ್‌ಸ್ಟೇ, ಕ್ಲಿನಿಕ್, ಟೈಲರ್ ಅಂಗಡಿ, ಬೈಕ್ ಗ್ಯಾರೇಜಿಗೆ, ವೆಬ್‌ಸೈಟಿಗಿಂತ ಮೊದಲು ಬೇಕಾದದ್ದು ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಮ್ಯಾಪಿನಲ್ಲಿ ಕಾಣುವ ನಿಮ್ಮ ಅಂಗಡಿಯ ವಿವರ. ಪುಕ್ಕಟೆ. ಮ್ಯಾಪಿನಲ್ಲಿ ಯಾರನ್ನು ಮೇಲೆ ತೋರಿಸಬೇಕೆಂದು ಗೂಗಲ್ ನೋಡುವುದು ಮೂರು ಸಂಗತಿ: ಹುಡುಕಿದ್ದಕ್ಕೆ ನೀವು ಎಷ್ಟು ಹೊಂದುತ್ತೀರಿ, ಎಷ್ಟು ಹತ್ತಿರ ಇದ್ದೀರಿ, ಎಷ್ಟು ಹೆಸರುವಾಸಿ. ದೂರವನ್ನು ಬದಲಿಸಲು ಯಾವ ಎಸ್‌ಇಒ ಪಂಡಿತರಿಗೂ ಆಗದು. ಉಳಿದೆರಡರಲ್ಲಿ ನಿಮ್ಮ ಕೈಯಲ್ಲಿರುವುದು ಸರಿಯಾದ ವರ್ಗ ಆರಿಸುವುದು, ಹಬ್ಬದ ರಜೆ ಸಹಿತ ಸಮಯ ಸರಿಯಾಗಿಡುವುದು, ನಿಜವಾದ ಫೋಟೊ, ರಿವ್ಯೂಗಳಿಗೆ ಮರುಮಾತು. ಅಂಗಡಿಯ ಹೆಸರಿನ ಜಾಗದಲ್ಲಿ ‘ಬೆಸ್ಟ್ ಹೋಮ್‌ಸ್ಟೇ ಇನ್ ಸಕಲೇಶಪುರ ವಿತ್ ಫುಡ್’ ಎಂದೆಲ್ಲ ಬರೆಸುವುದು ನಿಯಮದ ಉಲ್ಲಂಘನೆ. ಬೋರ್ಡಿನಲ್ಲಿರುವ ಹೆಸರೇ ಇರಬೇಕು. ಐದು ಸ್ಟಾರ್ ಕೊಟ್ಟರೆ ರಿಯಾಯಿತಿ ಎನ್ನುವುದೂ ನಿಷಿದ್ಧ.

ನಮ್ಮ ಉಪ್ಪಿನಕಾಯಿ ಮನೆಗೆ ಇಲ್ಲೊಂದು ತೊಡಕಿದೆ. ಬರೀ ಕೊರಿಯರ್‌ನಲ್ಲಿ ಕಳಿಸುವ, ಗಿರಾಕಿಯ ಮುಖವನ್ನೇ ನೋಡದ ಆನ್‌ಲೈನ್ ವ್ಯಾಪಾರಕ್ಕೆ ಈ ಪ್ರೊಫೈಲ್ ಇಲ್ಲ. ಮನೆಗೇ ಬಂದು ಕೊಂಡುಹೋಗುವವರೂ ಇದ್ದರೆ ಆಗುತ್ತದೆ. ಇನ್ನೊಂದು ಎಚ್ಚರಿಕೆ, ಪುಕ್ಕಟೆ ಸಿಕ್ಕಿದ್ದರ ಮೇಲೆ ಪೂರ್ತಿ ಭಾರ ಹಾಕುವುದರ ಬಗ್ಗೆ. ಇದೇ ಪ್ರೊಫೈಲ್ ಜೊತೆಗೆ ಗೂಗಲ್ ಸಣ್ಣ ವ್ಯಾಪಾರಿಗಳಿಗೆ ಒಂದು ಪುಟದ ಉಚಿತ ವೆಬ್‌ಸೈಟ್ ಕೂಡ ಕೊಡುತ್ತಿತ್ತು. 2024ರ ಮಾರ್ಚ್‌ನಲ್ಲಿ ಅವನ್ನೆಲ್ಲ ಮುಚ್ಚಿತು. ವಿಸಿಟಿಂಗ್ ಕಾರ್ಡಿನಲ್ಲಿ, ಡಬ್ಬದ ಲೇಬಲ್ಲಿನಲ್ಲಿ ಆ ವಿಳಾಸ ಅಚ್ಚು ಹಾಕಿಸಿದ್ದವರು ಹೊಸದನ್ನು ಹುಡುಕಬೇಕಾಯಿತು. ಸ್ವಂತ ಹೆಸರಿನ ವೆಬ್ ವಿಳಾಸಕ್ಕೆ, ಅಂದರೆ ಡೊಮೇನ್‌ಗೆ ವರ್ಷಕ್ಕೊಮ್ಮೆ ಕಟ್ಟುವ ದುಡ್ಡು ದಂಡವಲ್ಲ ಎನ್ನಲು ಇಷ್ಟು ಸಾಕು.

ಈಗ ದುಡ್ಡು ನಿಜಕ್ಕೂ ದಂಡವಾಗುವ ಜಾಗಕ್ಕೆ ಬರೋಣ. ವೆಬ್‌ಸೈಟ್ ಮಾಡಿಸಿದ ವಾರದೊಳಗೆ ಫೋನು ಬರಲು ಶುರುವಾಗುತ್ತದೆ: ‘ಸರ್, ಒಂದು ತಿಂಗಳಲ್ಲಿ ಗೂಗಲ್ ಮೊದಲ ಪುಟ, ಗ್ಯಾರಂಟಿ.’ ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲ್ ತನ್ನ ಮಾರ್ಗದರ್ಶಿಯಲ್ಲೇ ಬರೆದಿದೆ. ಒಳ್ಳೆಯ ಕೆಲಸದ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು ಎಂದೂ ಹೇಳಿದೆ. ಗ್ಯಾರಂಟಿಯವರು ತೋರಿಸುವ ‘ಮೊದಲ ಸ್ಥಾನ’ ಬಹಳ ಸಲ ನಿಮ್ಮದೇ ಅಂಗಡಿಯ ಪೂರ್ತಿ ಹೆಸರನ್ನು ಹುಡುಕಿದ್ದು. ಅದಕ್ಕೆ ಪೈಪೋಟಿಯೇ ಇರುವುದಿಲ್ಲ. ಪ್ಯಾಕೇಜಿನಲ್ಲಿ ಬರುವ ಸಾವಿರಾರು ಬ್ಯಾಕ್‌ಲಿಂಕ್‌ಗಳ ಕಥೆಯೂ ಅಷ್ಟೇ. 1998ರಲ್ಲಿ ಗೂಗಲ್ ಹುಟ್ಟಿದ್ದೇ, ಯಾರು ಯಾರನ್ನು ಕೊಂಡಿ ಹಾಕಿ ಉಲ್ಲೇಖಿಸಿದ್ದಾರೆ ಎಂದು ನೋಡುವ ಪೇಜ್‌ರ‍್ಯಾಂಕ್ ಎಂಬ ಲೆಕ್ಕದ ಮೇಲೆ. ಹಾಗಾಗಿ ಕೊಂಡಿಗಳ ಸಂತೆಯೂ ಬೆಳೆಯಿತು. 2012ರಲ್ಲಿ ಪೆಂಗ್ವಿನ್ ಎಂಬ ಪರಿಷ್ಕರಣೆ ಅಂಥ ತಾಣಗಳನ್ನು ಕೆಳಕ್ಕೆ ನೂಕಿತು. 2016ರಿಂದ ಈಚೆಗೆ ಅಂಥ ಕೊಂಡಿಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಬಿಡುವುದು ಹೆಚ್ಚು. ದುಡ್ಡು ಕೊಟ್ಟವರಿಗೆ ಶಿಕ್ಷೆ ಅಪರೂಪ, ಫಲ ಅದಕ್ಕಿಂತ ಅಪರೂಪ.

ಕಲಿಯುವವರಿಗೆ ನಾನು ಮೊದಲು ಓದಿಸುವುದು ಯಾವ ಕೋರ್ಸನ್ನೂ ಅಲ್ಲ, ಗೂಗಲ್‌ನದೇ ಎಸ್‌ಇಒ ಆರಂಭಿಕ ಕೈಪಿಡಿಯನ್ನು. ಅದರಲ್ಲಿ ತಲೆ ಕೆಡಿಸಿಕೊಳ್ಳಬೇಡಿ ಎನ್ನುವ ಸಂಗತಿಗಳ ಪಟ್ಟಿಯೇ ಒಂದಿದೆ: ಮೆಟಾ ಕೀವರ್ಡ್ (ಓದುಗರಿಗೆ ಕಾಣದಂತೆ ಪುಟದ ಕೋಡಿನಲ್ಲಿ ಬರೆಯುವ ಪದಪಟ್ಟಿ), ಡೊಮೇನ್ ಹೆಸರಿನಲ್ಲಿ ಕೀವರ್ಡ್, ಲೇಖನ ಇಷ್ಟೇ ಪದ ಇರಬೇಕೆಂಬ ಲೆಕ್ಕ, ತಲೆಬರಹಗಳ ಸಂಖ್ಯೆ. ಮೆಟಾ ಕೀವರ್ಡನ್ನು ರ‍್ಯಾಂಕಿಂಗಿಗೆ ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ. ಇವತ್ತಿಗೂ ಅದನ್ನು ತುಂಬಿಕೊಡುವುದಕ್ಕೆ ಬಿಲ್ ಆಗುತ್ತಿದೆ. ಪುಟದ ಶೀರ್ಷಿಕೆ ಮಾತ್ರ ನಿಜಕ್ಕೂ ಮುಖ್ಯ. ‘ಹೋಮ್’ ಎಂದೋ ‘ನಮ್ಮ ಉತ್ಪನ್ನಗಳು’ ಎಂದೋ ಇದ್ದರೆ ವ್ಯರ್ಥ. ‘ಎಣ್ಣೆ ಹಾಕದ ಅಪ್ಪೆಮಿಡಿ ಉಪ್ಪಿನಕಾಯಿ, ಶಿರಸಿಯಿಂದ ಮನೆಗೆ’ ಎಂದಿದ್ದರೆ ಏನು ಸಿಗುತ್ತದೆ ಎಂದು ಜನಕ್ಕೂ ಯಂತ್ರಕ್ಕೂ ಗೊತ್ತಾಗುತ್ತದೆ. ಶೀರ್ಷಿಕೆ ಒಂದು, ಒಳಗೆ ಇನ್ನೊಂದು ಆದರೆ ಜನ ಬಂದ ಹೆಜ್ಜೆಯಲ್ಲೇ ಹಿಂದಿರುಗುತ್ತಾರೆ, ಮತ್ತು ಅದು ದಾಖಲಾಗುತ್ತದೆ. ಅಮೆರಿಕ ಸರ್ಕಾರ ಗೂಗಲ್ ಮೇಲೆ ಹೂಡಿದ ಏಕಸ್ವಾಮ್ಯ ಮೊಕದ್ದಮೆಯಲ್ಲಿ ಕಂಪನಿಯ ಉಪಾಧ್ಯಕ್ಷ ಪಾಂಡು ನಾಯಕ್ 2023ರಲ್ಲಿ ಕೊಟ್ಟ ಸಾಕ್ಷ್ಯದಿಂದ, ಬಳಕೆದಾರರ ಕ್ಲಿಕ್‌ಗಳನ್ನು ಆಧರಿಸಿದ ನ್ಯಾವ್‌ಬೂಸ್ಟ್ ಎಂಬ ವ್ಯವಸ್ಥೆ ರ‍್ಯಾಂಕಿಂಗಿನಲ್ಲಿ ಕೆಲಸ ಮಾಡುತ್ತಿದೆ ಎಂಬುದು ಬಹಿರಂಗವಾಯಿತು. ತಾಣದ ವೇಗದ ಬಗ್ಗೆ ಒಂದೇ ಮಾತು: ಫೋನಿನಲ್ಲಿ ತೆಗೆದ ಫೋಟೊವನ್ನು ಕುಗ್ಗಿಸದೆ ಏರಿಸಬೇಡಿ.

ಬ್ಲಾಗಿನ ಸ್ಥಿತಿ ಇಷ್ಟು ನೆಮ್ಮದಿಯದ್ದಲ್ಲ. ಜನರಿಗೆ ಉಪಯೋಗವಾಗುವ ಬರಹವನ್ನು ಮೇಲೆತ್ತುತ್ತೇವೆ ಎಂದು ಗೂಗಲ್ 2022ರ ಆಗಸ್ಟ್‌ನಲ್ಲಿ ಒಂದು ವ್ಯವಸ್ಥೆ ತಂದಿತು. 2023ರ ಸೆಪ್ಟೆಂಬರ್‌ನ ಅದರ ಸುತ್ತಿನಲ್ಲಿ ಪೆಟ್ಟು ತಿಂದವರಲ್ಲಿ ಪ್ರಾಮಾಣಿಕವಾಗಿ ಬರೆಯುತ್ತಿದ್ದ ಸಣ್ಣ ತಾಣಗಳೂ ಬಹಳ ಇದ್ದವು. ಏರ್ ಪ್ಯೂರಿಫೈಯರ್‌ಗಳನ್ನು ತಾವೇ ಕೊಂಡು ಪರೀಕ್ಷಿಸಿ ಬರೆಯುವ ಹೌಸ್‌ಫ್ರೆಶ್ ಎಂಬ ತಾಣ, ಪರೀಕ್ಷೆ ಮಾಡದೆ ಶಿಫಾರಸು ಪಟ್ಟಿ ಕೊಡುವ ದೊಡ್ಡ ಮಾಧ್ಯಮಗಳೇ ತಮ್ಮ ಮೇಲೆ ಕೂತಿವೆ ಎಂದು 2024ರ ಫೆಬ್ರುವರಿಯಲ್ಲಿ ಉದಾಹರಣೆಗಳ ಸಮೇತ ಬರೆದು ಸುದ್ದಿಯಾಯಿತು. ಮರು ತಿಂಗಳೇ ಗೂಗಲ್ ಹೊಸ ನೀತಿಗಳನ್ನು ತಂದಿತು: ರಾಶಿ ರಾಶಿ ಸತ್ವವಿಲ್ಲದ ಬರಹ ಉತ್ಪಾದಿಸುವುದು, ದೊಡ್ಡ ತಾಣದ ಹೆಸರಿನ ನೆರಳಲ್ಲಿ ಹೊರಗಿನವರ ಸರಕು ಮಾರುವುದು ಸ್ಪ್ಯಾಮ್ ಎನಿಸಿಕೊಂಡವು. ಎಐ ಬಳಸಿ ಬರೆಯುವುದೇ ತಪ್ಪು ಎಂದು ಅಲ್ಲಿಲ್ಲ. ಏನನ್ನೂ ಹೊಸದಾಗಿ ಸೇರಿಸದ ರಾಶಿ ತಪ್ಪು.

ಕನ್ನಡದಲ್ಲಿ ದಿನಕ್ಕೆ ಹತ್ತು ‘ಸರ್ಕಾರಿ ಯೋಜನೆ, ಅರ್ಜಿ ಸಲ್ಲಿಸುವುದು ಹೇಗೆ’ ಪುಟಗಳನ್ನು ಹೊಸೆಯುವ ತಾಣಗಳ ಭವಿಷ್ಯದ ಬಗ್ಗೆ ನನಗೆ ಅನುಕಂಪವಿಲ್ಲ. ಆ ಮಾಹಿತಿಯನ್ನು ಯಂತ್ರ ಇಲಾಖೆಯ ಪುಟದಿಂದಲೇ ಎತ್ತಿ ಎರಡು ಸಾಲಲ್ಲಿ ಹೇಳುತ್ತದೆ. ಅಡುಗೆ ಬ್ಲಾಗಿನವರ ಪಾಡು ಬೇರೆ. ಅಳತೆಗಳ ಪಟ್ಟಿ ಎಐಗೆ ತುತ್ತಾಗುತ್ತದೆ, ತಡೆಯಲಾಗದು. ಆದರೆ ಮಾವು ಸಿಗದ ವರ್ಷ ಅತ್ತೆ ಅಪ್ಪೆಹುಳಿಗೆ ಏನು ಬಳಸಿದರು, ಯಾವ ಹಂತದಲ್ಲಿ ಬಣ್ಣ ಹೇಗಿರಬೇಕು ಎಂಬ ಆರು ಫೋಟೊ, ಯಾವುದು ಕೆಟ್ಟಿತು ಯಾಕೆ ಕೆಟ್ಟಿತು ಎಂಬ ವಿವರ ಬರೆದವರನ್ನು ಜನ ವಿಷಯ ಹುಡುಕಿ ಅಲ್ಲ, ಹೆಸರು ಹುಡುಕಿಕೊಂಡು ಬರುತ್ತಾರೆ. ಹೆಸರಿನ ಹುಡುಕಾಟಕ್ಕೆ ಸಾರಾಂಶದ ಕಾಟ ಕಡಿಮೆ. ಬ್ಲಾಗಿಗೆ ಉಳಿದಿರುವ ಎಸ್‌ಇಒ ಬಹುಪಾಲು ಇಷ್ಟೇ, ಜೊತೆಗೆ ಗೂಗಲ್ ಇಲ್ಲದೆಯೂ ಓದುಗರನ್ನು ತಲುಪುವ ಒಂದು ವಾಟ್ಸಾಪ್ ಚಾನೆಲ್ಲೋ ಇಮೇಲ್ ಪಟ್ಟಿಯೋ. ಬರೀ ಜಾಹೀರಾತಿನ ಲೆಕ್ಕದಲ್ಲಿ ಹೊಸ ಕನ್ನಡ ಬ್ಲಾಗ್ ಶುರು ಮಾಡುವವರಿಗೆ ನಾನು ಬೇಡ ಎನ್ನುತ್ತೇನೆ. ಮಾರಲು ಏನಾದರೂ ಇರುವವರು ಬರೆಯಲಿ: ಉಪ್ಪಿನಕಾಯಿಯವರು, ನರ್ಸರಿಯವರು, ಸಂಗೀತ ಪಾಠ ಹೇಳುವವರು. ಬರಹ ಅವರ ಗಿರಾಕಿಗಳಿಗೆ ನಂಬಿಕೆ ಹುಟ್ಟಿಸುತ್ತದೆ, ಕ್ಲಿಕ್ಕು ಬರದಿದ್ದರೂ ನಷ್ಟವಿಲ್ಲ.

ಅಳೆಯುವುದು ಹೇಗೆ? ಗೂಗಲ್ ಸರ್ಚ್ ಕನ್ಸೋಲ್ ಉಚಿತ. ಯಾವ ಪದ ಹುಡುಕಿದಾಗ ನಿಮ್ಮ ಪುಟ ಎಷ್ಟು ಸಲ ಕಂಡಿತು, ಎಷ್ಟು ಜನ ಒತ್ತಿದರು, ಸರಾಸರಿ ಎಷ್ಟನೇ ಸ್ಥಾನ ಎಂದು ಅದು ತೋರಿಸುತ್ತದೆ. ಎಐ ಸಾರಾಂಶದಲ್ಲಿ ಕಂಡದ್ದೂ ಈ ಒಟ್ಟು ಲೆಕ್ಕದಲ್ಲೇ ಸೇರಿಹೋಗುತ್ತದೆ. ಹಾಗಾಗಿ ಕಂಡ ಸಂಖ್ಯೆ ಏರಿ ಒತ್ತಿದ ಸಂಖ್ಯೆ ಇಳಿದರೆ ಗಾಬರಿಯಾಗಬೇಡಿ. ಅಂಗಡಿಯವರು ಅದರ ಪಕ್ಕದಲ್ಲಿ ಆ ತಿಂಗಳ ಆರ್ಡರುಗಳನ್ನು ಬರೆದು ನೋಡಲಿ. ಹತ್ತರಿಂದ ಇಪ್ಪತ್ತನೇ ಸ್ಥಾನದಲ್ಲಿ ತೂಗಾಡುತ್ತಿರುವ ಪದಗಳನ್ನು ಮೊದಲು ಹೆಕ್ಕಿ. ಅವುಗಳ ಪುಟಕ್ಕೆ ಒಂದೆರಡು ಫೋಟೊ, ಗಿರಾಕಿ ಕೇಳಿದ ಇನ್ನೊಂದು ಪ್ರಶ್ನೆಗೆ ಉತ್ತರ ಸೇರಿಸುವುದು ಹೊಸ ಪುಟ ಬರೆಯುವುದಕ್ಕಿಂತ ಬೇಗ ಫಲ ಕೊಡುತ್ತದೆ.

ಕನ್ಸೋಲ್ ಹಿಂದಿನ 16 ತಿಂಗಳ ಲೆಕ್ಕವನ್ನಷ್ಟೇ ಇಟ್ಟುಕೊಳ್ಳುತ್ತದೆ, ಮತ್ತು ನಿಮ್ಮ ತಾಣವನ್ನು ಅದಕ್ಕೆ ಸೇರಿಸಿದ ಮೇಲಷ್ಟೇ ದಾಖಲಿಸಲು ಶುರು ಮಾಡುತ್ತದೆ. ಮಿಡಿಯ ಕಾಲ ವರ್ಷಕ್ಕೊಮ್ಮೆ. ಈ ಸುಗ್ಗಿಯನ್ನು ಹೋದ ಸುಗ್ಗಿಯ ಪಕ್ಕದಲ್ಲಿಟ್ಟು ನೋಡಲು 16 ತಿಂಗಳು ಸಾಲುತ್ತದೆ, ಅದರ ಹಿಂದಿನದಕ್ಕೆ ಸಾಲದು. ಆದ್ದರಿಂದ ತಾಣ ಇನ್ನೂ ಅರೆಬರೆ ಇದ್ದರೂ ಕನ್ಸೋಲಿಗೆ ಇವತ್ತೇ ಸೇರಿಸಿ, ಪ್ರತಿ ಮೇ ತಿಂಗಳ ಕೊನೆಗೆ ಆ ಪಟ್ಟಿಯನ್ನು ಇಳಿಸಿಕೊಂಡು ಕಂಪ್ಯೂಟರಿನಲ್ಲಿ ಬೇರೆ ಇಟ್ಟುಕೊಳ್ಳಿ.